ಮಸಿ ಕಾಣದ ಹೆಸರು

ಏಳು ಸುತ್ತಿನ ಕೋಟೆ, ಕೋಟೆಯೊಳಗೆ ಹದಿನೆಂಟು ಕೇರಿ, ಕೇರಿಕೇರಿಗೂ ಮೆಟ್ಟಿಲಿಳಿದ ಬಾವಿ, ಅರಮನೆಯ ನೆತ್ತಿಯಲ್ಲಿ ಬಿಸಿಲಿಗೆ ಕಣ್ಣು ಕೋರೈಸುವ ಹೊಂಗಳಸ: ಇಂತಹ ಸಿರಿವೊಳಲೆಂಬ ರಾಜಧಾನಿಯ ದೊಡ್ಡ ಹಬ್ಬ ಯಾವುದೆಂದು ಪರವೂರಿನವರು ಕೇಳಿದರೆ ಅಲ್ಲಿನ ಜನ ಕರಿಯ ಬೊಟ್ಟಿಟ್ಟ ಹೆಬ್ಬೆರಳನ್ನು ಎತ್ತಿ ತೋರಿಸಿ ನಗುತ್ತಿದ್ದರು. ಬಂಗಾರದ ಊರಿಗೆ ಮಸಿಯ ಹಬ್ಬ!

ಆ ಕಾಲದಲ್ಲಿ ಬರವಣಿಗೆಯೆಂದರೆ ಓಲೆಗರಿಯ ಮೇಲೆ ಕಂಠವೆಂಬ ಉಕ್ಕಿನ ಮೊನೆಯಿಂದ ಕೊರೆಯುವುದು. ಕೊರೆದ ಮಾತ್ರಕ್ಕೆ ಅಕ್ಷರ ಕಾಣುವುದಿಲ್ಲ. ದೀಪದ ಮಸಿಯನ್ನು ಗರಗದ ಸೊಪ್ಪಿನ ರಸದಲ್ಲಿ ಕಲಸಿ ಗರಿಗೆ ತೊಡೆದು ಒರೆಸಿದಾಗಲೇ ಗೀರುಗಳಲ್ಲಿ ಕಪ್ಪು ನಿಂತು ಅಕ್ಷರಗಳು ಕಣ್ತೆರೆಯುತ್ತವೆ. ಫಾಲ್ಗುಣದ ಹುಣ್ಣಿಮೆಯಂದು ಆಸ್ಥಾನಕ್ಕೆ ಹೊಸ ಕಾವ್ಯವೊಂದು ಬಂದರೆ, ಕವಿಯ ಹೆಸರು ಕೊರೆದ ಕಟ್ಟಕಡೆಯ ಗರಿಯೊಂದನ್ನು ಮಾತ್ರ ಮಸಿ ಹಚ್ಚದೆ ರೇಷ್ಮೆಯಲ್ಲಿ ಸುತ್ತಿ ತರುತ್ತಿದ್ದರು. ತುಂಬಿದ ಸಭೆಯಲ್ಲಿ ಅರಸನೇ ತನ್ನ ಹೆಬ್ಬೆರಳಿನಿಂದ ಮಸಿ ತೊಡೆಯುವನು, ಹೆಸರು ಮೂಡುವುದು, ವಾಚಕನು ಅದನ್ನು ಕೂಗುವನು, ಕವಿ ಎದ್ದು ಬಂದು ಅರಸನ ಕೈಯಿಂದ ತಾಂಬೂಲ ಪಡೆಯುವನು. ಇದಕ್ಕೆ ಮಸಿಯೊಸಗೆ ಎಂದು ಹೆಸರು. ಊರ ಜನವೂ ಅಂದು ಹೆಬ್ಬೆರಳಿಗೆ ಬೊಟ್ಟಿಟ್ಟುಕೊಂಡು ಮೆರೆಯುತ್ತಿದ್ದರು. ಓದು ಬಾರದವರ ಬೊಟ್ಟೇ ಎಲ್ಲರದಕ್ಕಿಂತ ದೊಡ್ಡದಾಗಿರುತ್ತಿತ್ತು ಎಂಬುದು ಬೇರೆ ಮಾತು.

ಎಂಟು ವರ್ಷಗಳಲ್ಲಿ ಐದು ಸಲ ಆ ಗರಿಯ ಮೇಲೆ ಮೂಡಿದ ಹೆಸರು 'ಕವಿಹಂಸ'. ಐದು ಸಲವೂ ಕವಿ ಎದ್ದು ಬರಲಿಲ್ಲ. ಅರಮನೆಯ ಓಲೆಭಂಡಾರದ ಅಧಿಕಾರಿ ಕೇತಣಯ್ಯನು ಕೈಮುಗಿದು, "ಜೀಯ, ಕವಿ ದೂರದ ಊರಿನವನು, ಸಭೆಗೆ ಅಂಜುವವನು. ಅವನ ಪರವಾಗಿ ನಾನು ಒಯ್ದು ಮುಟ್ಟಿಸುತ್ತೇನೆ" ಎಂದು ತಾಂಬೂಲ ಪಡೆಯುತ್ತಿದ್ದನು. ದೂರದ ಊರು ಎಂದರೆ ಎಷ್ಟು ದೂರ ಅನ್ನುತ್ತೀರಿ? ಓಲೆಭಂಡಾರದ ಹಿತ್ತಿಲು ದಾಟಿದರೆ ಇಪ್ಪತ್ತು ಹೆಜ್ಜೆ. ಕವಿಹಂಸನೆಂಬುವನು ಬೇರೆ ಯಾರೂ ಅಲ್ಲ, ಕೇತಣಯ್ಯನ ಒಬ್ಬಳೇ ಮಗಳು ಮಾಚಲೆ.

ಮೊದಲ ಕಾವ್ಯ ಮುಗಿದಾಗ ಈ ಮರೆಯ ಹೆಸರಿಗಾಗಿ ಮನೆಯಲ್ಲಿ ದೊಡ್ಡ ವಾಗ್ವಾದವೇ ನಡೆದಿತ್ತು. "ಹೆಣ್ಣು ಬರೆದಳೆಂದು ತಿಳಿದರೆ ಪಂಡಿತರು ಕಾವ್ಯವನ್ನು ಓದುವುದಿಲ್ಲ ಮಗಳೇ, ನಿನ್ನನ್ನು ಓದುತ್ತಾರೆ. ನಿನ್ನ ನಡೆ, ನಿನ್ನ ಉಡಿಗೆ, ನಿನ್ನ ಗಂಡ ಉಂಡನೋ ಉಪವಾಸವೋ, ಎಲ್ಲಕ್ಕೂ ಟೀಕೆ ಬರೆಯುತ್ತಾರೆ" ಎಂದಿದ್ದನು ತಂದೆ. ಅವಳ ಗಂಡ ಗೊಗ್ಗಿದೇವನು ಅರಸನ ಕಾಲಾಳುಗಳ ನಾಯಕ, ಮಾತಿನಲ್ಲೂ ಕತ್ತಿ ಹಿಡಿದವನು. "ಏಕೆ ಮಾವಯ್ಯ, ಮಾಚಲೆ ಎಂಬ ಹೆಸರಿಗೆ ಹುಳ ಬಿದ್ದಿದೆಯೇ?" ಎಂದು ಕೆರಳಿದ್ದನು. ನಿಜ ಹೇಳಬೇಕೆಂದರೆ ಆ ಮರೆ ಮಾಚಲೆಗೇ ಹಿತವಾಗಿತ್ತು. ಕವಿಹಂಸನ ಹಿಂದೆ ಕುಳಿತರೆ ಯುದ್ಧವನ್ನೂ ಬರೆಯಬಹುದು, ಸೂಳೆಗೇರಿಯನ್ನೂ ಬರೆಯಬಹುದು, ಅರಸನ ಅಜ್ಜನ ದಡ್ಡತನವನ್ನೂ ಬರೆಯಬಹುದು. ಯಾರೂ ಬಾವಿಕಟ್ಟೆಯಲ್ಲಿ ನಿಲ್ಲಿಸಿ ಕೇಳುವುದಿಲ್ಲ. ಎರಡನೆಯ ಒಸಗೆಯಲ್ಲಿ ಆಸ್ಥಾನದ ಮಹಾಪಂಡಿತ ಸೋವಣಭಟ್ಟರು ತೊಡೆ ತಟ್ಟಿ, "ಆಹಾ, ಇದು ಗಂಡೆದೆಯ ವಾಣಿ! ಹೆಣ್ಣಿನ ನೆರಳೂ ಸೋಕದ ಪ್ರೌಢಿಮೆ!" ಎಂದು ಉದ್ಗರಿಸಿದಾಗ, ಹೆಂಗಸರ ಸಾಲಿನ ತೆರೆಯ ಹಿಂದೆ ಮಾಚಲೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು.

ತಾಂಬೂಲ ಮನೆಗೆ ಬಂದರೆ ತಿನ್ನುವವನು ಗೊಗ್ಗಿದೇವ. ಅವಳು ಎಲೆಯ ನಾರು ತೆಗೆದು ಸುಣ್ಣ ಸವರಿ ಮಡಚಿ ಕೊಡುವಳು, ಅವನು ಅಗಿಯುತ್ತ, "ಕೈ ಕೆಸರು ನಿನ್ನದು, ಬಾಯಿ ಮೊಸರು ನನ್ನದು. ಇಂತಹ ಸಂಸಾರ ಯಾರಿಗುಂಟು?" ಎಂದು ಕಣ್ಣು ಮಿಟುಕಿಸುವನು. ಹೀಗೆ ಐದು ತಾಂಬೂಲ.

ಕಳೆದ ಚೈತ್ರದಲ್ಲಿ ಗೊಗ್ಗಿದೇವನು ಗಡಿಯ ಕರಿಗಲ್ಲ ಕಡವಿನಲ್ಲಿ ಮುನ್ನೂರು ಜನರೊಂದಿಗೆ ಸತ್ತನು. ಹೊಳೆ ದಾಟುವ ಆ ಜಾಗ ಶತ್ರುವಿನ ಪಾಲಾಯಿತು. "ನಾಯಕನು ಅಪ್ಪಣೆ ಮೀರಿ ಮುನ್ನುಗ್ಗಿದನು, ತಾನೂ ಸತ್ತು ಮುನ್ನೂರು ತಾಯಂದಿರ ಹೊಟ್ಟೆಯನ್ನೂ ಉರಿಸಿದನು" ಎಂದು ಮಹಾಪ್ರಧಾನ ಈಚರಸನು ಸಭೆಯಲ್ಲಿ ಹೇಳಿದನು, ಸಭೆ ನಂಬಿತು. ಹೊಳೆಯ ಈಚೆ ದಂಡೆಯಲ್ಲಿ ನಿಲ್ಲಿಸಿದ ವೀರಗಲ್ಲಿನಲ್ಲಿ ಎಲ್ಲರ ಹೆಸರೂ ಬಂತು, ಗೊಗ್ಗಿದೇವನದೊಂದು ಬರಲಿಲ್ಲ. ಸುದ್ದಿ ಬಂದಾಗ ಮಾಚಲೆ ಗರಿಗಳನ್ನು ಅಳತೆಗೆ ಕತ್ತರಿಸುತ್ತಿದ್ದಳು. ಕೇಳಿದಳು, ಮತ್ತೆ ಕತ್ತರಿಸಿದಳು. ಗರಿ ಕೆಂಪಗಾದುದನ್ನು ತಂದೆ ನೋಡಿ ಕೂಗಿಕೊಂಡಾಗಲೇ ಹೆಬ್ಬೆರಳು ಸೀಳಿರುವುದು ಅವಳಿಗೆ ಗೊತ್ತಾದದ್ದು. ನೋವಿರಲಿಲ್ಲ. ಅಳುವೂ ಬರಲಿಲ್ಲ. ನೆರೆಹೊರೆಯವರು ಬಂದು ಅತ್ತು, ಇವಳು ಅಳದಿರುವುದನ್ನು ನೋಡಿ, ಪರಸ್ಪರ ಮುಖ ನೋಡಿಕೊಂಡು ಹೋದರು. ಅಂದಿನಿಂದ ಹನ್ನೊಂದು ತಿಂಗಳು ಅವಳು ಉಂಡಳು, ಉಟ್ಟಳು, ಬರೆದಳು. ಯಾವುದೂ ಮೈಗೆ ತಾಗಲಿಲ್ಲ. ಸೀಳಿದ ಹೆಬ್ಬೆರಳು ಕಂಠ ಹಿಡಿಯುವ ಕೆಲಸದಲ್ಲಿ ಮತ್ತೆ ಮತ್ತೆ ಬಿರಿಯುತ್ತಿತ್ತು, ಅದೂ ತಾಗಲಿಲ್ಲ.

ಆಷಾಢದಲ್ಲಿ ಒಂದು ಮಧ್ಯಾಹ್ನ ಕೊಂಬಿನ ಮಾರಯ್ಯನು ಬಾಗಿಲಿಗೆ ಬಂದನು. ಪಡೆಯಲ್ಲಿ ಕೊಂಬೂದುವ ಕೆಲಸದವನು, ಕಡವಿನಿಂದ ಬದುಕಿ ಬಂದ ಒಬ್ಬನೇ ಒಬ್ಬನು. "ಅವ್ವಾ, ನಾಯಕರು ಮುನ್ನುಗ್ಗಲಿಲ್ಲ. ಕಡವು ಬಿಡಬೇಡಿ, ಮೂರು ಸಲ ಕೊಂಬೂದಿದರೆ ಕುದುರೆಪಡೆ ಬರುತ್ತದೆ ಎಂದು ಪ್ರಧಾನರೇ ಹೇಳಿದ್ದರು. ಮೂರು ಸಲ ಊದಿದೆ. ಗುಡ್ಡದ ಹಿಂದೆ ಕುದುರೆಗಳ ಕೆನೆತ ನಮಗೆ ಕೇಳಿಸುತ್ತಿತ್ತು, ತಾಯಿ. ಒಂದೂ ಅಲುಗಲಿಲ್ಲ. ನಾಲ್ಕನೆಯ ಸಲವೂ ಊದಿದೆ" ಎಂದು ಹೇಳಿ ಹೊಸ್ತಿಲ ಮೇಲೆ ಕುಸಿದು ಅತ್ತನು. ಈಚರಸನು ಶತ್ರುವಿಗೆ ಗುಟ್ಟಾಗಿ ಕಡವನ್ನು ಬಿಟ್ಟುಕೊಟ್ಟಿದ್ದನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮಾಚಲೆ ಮಾರಯ್ಯನಿಗೆ ಮಜ್ಜಿಗೆ ಕೊಟ್ಟಳು. ಮರುದಿನವೇ ಹೊಸ ಕಾವ್ಯದ ಮೊದಲ ಗರಿ ಕೊರೆದಳು. ಒಂಬತ್ತನೆಯ ಸಂಧಿಯಲ್ಲಿ ನಾಲ್ಕು ಸಲ ಊದಿದ ಕೊಂಬು ಹಾಗೆಯೇ ಇತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಕವಿಹಂಸನು ಕಡವಿನ ಕಾಳಗದ ಕಾವ್ಯ ಬರೆದಿದ್ದಾನೆಂದು ಕೇಳಿದೊಡನೆ ಈಚರಸನು ಪ್ರತಿ ತರಿಸಿ ಓದಿದನು. ಓದಿ ಬೆವರಿದನು. ಆದರೆ ಒಸಗೆಗೆಂದು ಭಂಡಾರ ಸೇರಿದ ಕಾವ್ಯದಿಂದ ಒಂದಕ್ಷರ ಕೀಳುವ ಅಧಿಕಾರ ಆ ನಾಡಿನಲ್ಲಿ ಅರಸನಿಗೂ ಇರಲಿಲ್ಲ. ಸ್ವತಃ ಕವಿಯೇ ಸಭೆಯಲ್ಲಿ ನಿಂತು, 'ಈ ಸಂಧಿ ನನ್ನದಲ್ಲ, ಪರರು ಸೇರಿಸಿದ್ದು' ಎಂದರೆ ಮಾತ್ರ ಆ ಗರಿಗಳು ಬೆಂಕಿಗೆ. ಹಾಗಾದರೆ ಬೇಕಾದದ್ದು ಏನು? ಒಬ್ಬ ಕವಿ. ಒಸಗೆಗೆ ಎರಡು ದಿನ ಇರುವಾಗ ಈಚರಸನು ಸೋವಣಭಟ್ಟರನ್ನು ಕರೆದುಕೊಂಡು ಓಲೆಭಂಡಾರಕ್ಕೆ ಬಂದನು. ಮಾಚಲೆ ಗರಿಗಳ ಕಪಾಟಿನ ಹಿಂದೆ ಕುಳಿತು ದಾರ ಪೋಣಿಸುತ್ತಿದ್ದಳು. ಅವಳನ್ನು ಅವರು ಗಮನಿಸಲಿಲ್ಲ. ಅಲ್ಲಿನ ಗೆದ್ದಲನ್ನಾದರೂ ಗಮನಿಸಿಯಾರು, ವಿಧವೆಯನ್ನಲ್ಲ.

"ಕೇತಣಯ್ಯನವರೇ, ಸಂತೋಷದ ವಾರ್ತೆ. ಇಷ್ಟು ವರ್ಷ ವಿನಯದಿಂದ ಮರೆಯಲ್ಲಿದ್ದ ಕವಿಹಂಸರು ಇನ್ನು ಪ್ರಕಟವಾಗುತ್ತಾರೆ. ಇಗೋ, ನಮ್ಮ ಭಟ್ಟರೇ ಅವರು. ತಾವು ಸಭೆಯಲ್ಲಿ ಹೌದೆಂದರೆ ಸಾಕು" ಎಂದನು ಈಚರಸ.

ಕೇತಣಯ್ಯನು ಕೈಯಲ್ಲಿದ್ದ ಓಲೆಕಟ್ಟನ್ನು ಕೆಳಗಿಟ್ಟನು. "ಪ್ರಧಾನರೇ, ಅದು..."

"ಅಲ್ಲವೆನ್ನುತ್ತೀರಾ? ಹಾಗಾದರೆ ಯಾರೆಂದು ತೋರಿಸಿ. ತೋರಿಸಲು ಯಾರೂ ಇಲ್ಲದಿದ್ದರೆ, ಇಲ್ಲದ ಮನುಷ್ಯನ ಹೆಸರಿನಲ್ಲಿ ಐದು ಸಲ ಅರಸರ ಕೈಯ ತಾಂಬೂಲ ಪಡೆದ ನಿಮಗೆ ಏನಾಗುತ್ತದೆಂದು ನನಗಿಂತ ನಿಮ್ಮ ಭಂಡಾರದ ಧರ್ಮಶಾಸ್ತ್ರವೇ ಚೆನ್ನಾಗಿ ಹೇಳುತ್ತದೆ."

ಸೋವಣಭಟ್ಟರು ಉತ್ತರೀಯ ಸರಿಪಡಿಸಿಕೊಂಡು, "ಒಂಬತ್ತನೆಯ ಸಂಧಿಯ ಶೈಲಿ ನಮ್ಮದಲ್ಲ ಬಿಡಿ. ಉಳಿದುದೆಲ್ಲ ನಾವೇ ಬರೆಯಬಹುದಾದದ್ದು" ಎಂದರು. ಎಂತಹ ಉದಾರಿಗಳು!

ಅವರು ಹೋದ ಮೇಲೆ ಕೇತಣಯ್ಯನು ಮಗಳ ಎದುರು ಕುಳಿತನು. ಇತ್ತ ದರಿ, ಅತ್ತ ಪುಲಿ. "ಹೋಗಲಿ ತಾಯಿ, ಆ ಸಂಧಿ ಹೋಗಲಿ. ಸುಟ್ಟರೆ ಸುಡಲಿ. ಅಳಿಯಂದಿರು ತಿರುಗಿ ಬರುವುದಿಲ್ಲ, ನೀನಾದರೂ ಉಳಿ. ನಿನ್ನ ಹೆಸರು ಹೊರಬಿದ್ದರೆ, ಸೂತಕದ ವರ್ಷ ಕಳೆಯದ ವಿಧವೆ ಪ್ರಧಾನರ ಮೇಲೆ ಸುಳ್ಳು ಹೊರಿಸಿದಳೆಂದು ನಾಲಗೆ ಕತ್ತರಿಸಿಯಾರು."

ಮಾಚಲೆಯ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. "ಅಪ್ಪಯ್ಯ, ನ್ಯಾಯಕಟ್ಟೆಯಲ್ಲಿ ಎಮ್ಮೆ ಕಳೆದ ವ್ಯಾಜ್ಯಕ್ಕೂ ಸಾಕ್ಷಿಯ ಹೆಸರು ಕೇಳುತ್ತಾರೆ. ಮುನ್ನೂರು ಜನ ಸತ್ತದ್ದಕ್ಕೆ ಹೆಸರಿಲ್ಲದವನು ಸಾಕ್ಷಿಯೇ? ಕವಿಹಂಸನೆಂಬುದು ಬಾಗಿಲಿಲ್ಲದ ಮನೆಯಾಯಿತು. ಯಾರು ಮೊದಲು ಒಳಗೆ ಬಂದು ಕುಳಿತರೆ ಅವರೇ ಯಜಮಾನರು."

"ನೀನು ಹೆಸರು ಹೇಳಿದರೆ ನಾನು ಎಂಟು ವರ್ಷ ಸಿಂಹಾಸನಕ್ಕೆ ಸುಳ್ಳು ಹೇಳಿದವನಾಗುತ್ತೇನೆ" ಎಂದನು ತಂದೆ. ಆಪಾದನೆಯಲ್ಲ, ಸುಮ್ಮನೆ ಹೇಳಿದ್ದು.

"ಹೌದು. ಅದೊಂದೇ ನನ್ನ ಕೈಯನ್ನು ತಡೆದಿರುವುದು" ಎಂದಳು ಮಾಚಲೆ.

ಒಸಗೆಯ ಬೆಳಿಗ್ಗೆ ಸ್ನಾನ ಮಾಡಿ ಕಡೆಯ ಗರಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಳು. 'ಕ' ಎಂಬ ಅಕ್ಷರ ಐದು ಸಲದ ಅಭ್ಯಾಸದಿಂದ ತಾನಾಗಿಯೇ ಬಂತು. ಅಲ್ಲಿಗೆ ಕೈ ನಿಂತಿತು. ಆ ಅಕ್ಷರವನ್ನು ಕೆಡಿಸದೆ ಮುಂದುವರಿದಳು: ಕರಿಗಲ್ಲ ಕಡವಿನಲ್ಲಿ ಕಾದಿ ಮಡಿದ ಗೊಗ್ಗಿದೇವನ ಮಡದಿ, ಕೇತಣಯ್ಯನ ಮಗಳು ಮಾಚಲೆ ಬರೆದಳು. ಮುಗಿಸಿ ಗರಿಯನ್ನು ತಂದೆಯ ಮುಂದಿಟ್ಟಳು. ಮಸಿ ಕಾಣದ ಗರಿ ಬೋಳಾಗಿ ಹೊಳೆಯುತ್ತಿತ್ತು.

ನಲವತ್ತು ವರ್ಷ ಓಲೆಗಳ ನಡುವೆ ಬದುಕಿದ ಕೇತಣಯ್ಯನಿಗೆ ಓದಲು ಮಸಿಯ ಹಂಗಿರಲಿಲ್ಲ. ಅವನ ಬೆರಳು ಗರಿಯ ಮೇಲೆ ಎಡದಿಂದ ಬಲಕ್ಕೆ ಸರಿಯಿತು. ಅಳಿಯನ ಹೆಸರಿನ ಮೇಲೆ ತಡೆಯಿತು. ತನ್ನ ಹೆಸರನ್ನು ದಾಟಿತು. ಮಗಳ ಹೆಸರಿನ ಮೇಲೆ ಹೋಗಿ, ಹಿಂದೆ ಬಂದು, ಮತ್ತೊಮ್ಮೆ ಹೋಯಿತು. ಬೇಡವೆಂದರೆ ಇನ್ನೊಂದು ಗರಿ ಕೊರೆಯಲು ಸಮಯವಿತ್ತು. ಅವನು ರೇಷ್ಮೆಯನ್ನು ಸುತ್ತಿ, ಭಂಡಾರದ ಗಂಟನ್ನು ಬಿಗಿದು, "ಹೊತ್ತಾಯಿತು, ತಲೆ ಬಾಚಿಕೋ ಮಗಳೇ" ಎಂದನು.

ಸಭೆ ಕಿಕ್ಕಿರಿದಿತ್ತು. ಪಟ್ಟವೇರಿ ಮೂರೇ ವರ್ಷವಾಗಿದ್ದ ಅರಸ ಕೊಮ್ಮರಸನು ಬೆಳ್ಳಿಯ ಬಟ್ಟಲಿನ ಮಸಿಯ ಮೇಲೆ ಹೆಬ್ಬೆರಳಿಟ್ಟು, ಸಂಪ್ರದಾಯದಂತೆ ಕೇಳಿದನು: "ಈ ಕಾವ್ಯವನ್ನು ಕೊರೆದ ಕೈ ಯಾವುದು?"

"ಈ ಕೈ, ಜೀಯ!" ಎಂದು ಸೋವಣಭಟ್ಟರು ಎದ್ದರು. ಸಭೆಯಲ್ಲಿ ಗುಜುಗುಜು ಎದ್ದಿತು. "ಕವಿಹಂಸನು ನಾನೇ. ಕೀರ್ತಿಯ ಆಸೆಯಿಲ್ಲದುದರಿಂದ ಇಷ್ಟು ಕಾಲ ಮರೆಯಲ್ಲಿದ್ದೆ. ಆದರೆ ಯಾರೋ ದುಷ್ಟರು ಈ ಕಾವ್ಯದಲ್ಲಿ ಒಂಬತ್ತನೆಯ ಸಂಧಿಯೊಂದನ್ನು ತುರುಕಿ ಮಾನ್ಯರ ಹೆಸರಿಗೆ ಮಸಿ ಬಳಿದಿರುವುದರಿಂದ ಬಾಯಿ ತೆರೆಯಬೇಕಾಯಿತು. ಅದು ನನ್ನದಲ್ಲ, ಅಗ್ನಿಗೆ ಅರ್ಪಿತವಾಗಲಿ."

ತೆರೆಯ ಹಿಂದೆ ಮಾಚಲೆ ಕೇಳುತ್ತಿದ್ದಳು. ಇದು ಯಾರದೋ ಮನೆಯ ಜಗಳವೆಂಬಂತೆ ದೂರ ದೂರವಾಗಿ ಕೇಳುತ್ತಿತ್ತು.

ಅರಸನು ಕೇತಣಯ್ಯನತ್ತ ತಿರುಗಿದನು. "ಭಂಡಾರಿಗಳೇ, ಹೌದೇ?"

ಈಚರಸನು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಮುಗುಳ್ನಗುತ್ತಿದ್ದನು. ಕೇತಣಯ್ಯನು ಕೈಮುಗಿದನು. "ಜೀಯ, ನನ್ನ ಮಾತೇಕೆ? ಕವಿ ಯಾರೆಂದು ಗರಿಯೇ ಹೇಳಲಿ."

"ಕಡೆಯ ಗರಿಯನ್ನೂ ತಾವೇ ಕೊರೆದಿರಾ, ಭಟ್ಟರೇ?" ಎಂದನು ಅರಸ.

"ಸ್ವಹಸ್ತದಿಂದ, ಜೀಯ! ನಿನ್ನೆ ಪೂಜೆ ಮುಗಿಸಿ, ಪೂರ್ವಾಭಿಮುಖವಾಗಿ ಕುಳಿತು!" ಐದು ಸಲ ಮೂಡಿದ ಹೆಸರು ಆರನೆಯ ಸಲವೂ ಮೂಡದೆ ಎಲ್ಲಿ ಹೋದೀತು ಎಂಬ ಧೈರ್ಯ.

ಅರಸನು ಗಂಟು ಬಿಚ್ಚಿ, ಮಸಿ ತೊಡೆದು, ಬಟ್ಟೆಯಿಂದ ಒರೆಸಿದನು. ಗರಿಯನ್ನು ನೋಡಿದನು. ಮತ್ತೊಮ್ಮೆ ನೋಡಿ ವಾಚಕನ ಕೈಗೆ ಕೊಟ್ಟನು. ವಾಚಕನು ಬಾಯಿ ತೆರೆದು, ಮುಚ್ಚಿ, ಕಡೆಗೆ ಅಭ್ಯಾಸದ ಬಲದಿಂದ ಕೂಗಿದನು. "ಕರಿಗಲ್ಲ ಕಡವಿನಲ್ಲಿ ಕಾದಿ ಮಡಿದ ಗೊಗ್ಗಿದೇವನ ಮಡದಿ, ಕೇತಣಯ್ಯನ ಮಗಳು ಮಾಚಲೆ ಬರೆದಳು!"

ಮಾಚಲೆ ಕುಳಿತೇ ಇದ್ದಳು. ಹೆಸರು ಕೂಗಿದಾಗ ಅಲುಗದೆ ಕುಳಿತಿರುವುದನ್ನು ಎಂಟು ವರ್ಷ ಕಲಿತವಳು. ಕೂಗಿದ್ದು ತನ್ನನ್ನು ಎಂದು ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. ಆಮೇಲೆ ಎದ್ದು, ತೆರೆ ಸರಿಸಿ, ಸಾವಿರ ಕಣ್ಣುಗಳ ನಡುವೆ ನಡೆದು ಬಂದು ನಿಂತಳು.

"ಇದು ಮೋಸ! ಯಾವಳೋ ಹೆಂಗಸು ಗರಿಯ ಮೇಲೆ ಹೆಸರು ಗೀಚಿದ ಮಾತ್ರಕ್ಕೆ..." ಎಂದು ಈಚರಸನು ಗುಡುಗಿದನು.

"ತಾಳಿ ಪ್ರಧಾನರೇ. ಸ್ವಹಸ್ತದಿಂದ ಕೊರೆದೆನೆಂದು ಭಟ್ಟರೇ ಈಗ ಹೇಳಿದರು. ತಮ್ಮ ಹೆಸರನ್ನು ತಾವೇ ಮಾಚಲೆ ಎಂದು ಬರೆದುಕೊಳ್ಳುವ ಪಂಡಿತರನ್ನು ನಾವು ಇಂದೇ ಕಂಡದ್ದು" ಎಂದನು ಅರಸ. ಸಭೆ ಗೊಳ್ಳೆಂದು ನಕ್ಕಿತು. ಅರಸನು ನಗಲಿಲ್ಲ. "ಕಾವ್ಯ ತಮ್ಮದಲ್ಲದಿದ್ದರೆ, ಒಂದು ಸಂಧಿಯನ್ನು ಸುಡಿರೆಂದು ಹೇಳಲು ತಾವು ಯಾರು? ಹೇಳಿಸಿದವರು ಯಾರು?"

ಸೋವಣಭಟ್ಟರ ಕಣ್ಣು ಅವರ ಅಪ್ಪಣೆಯಿಲ್ಲದೆಯೇ ಪ್ರಧಾನನತ್ತ ಹೊರಳಿತು. "ಪ್ರಧಾನರು ಹೇಳಿದಂತೆ ಹೇಳಿದೆ, ಜೀಯ. ನಾನು ಕಡವನ್ನು ಕಂಡವನೂ ಅಲ್ಲ."

ಒಂಬತ್ತನೆಯ ಸಂಧಿಯನ್ನು ಅಲ್ಲಿಯೇ ಓದಿಸಲಾಯಿತು. ನಾಲ್ಕನೆಯ ಸಲ ಕೊಂಬು ಊದುವ ಪದ್ಯ ಬಂದಾಗ ಹೊರಗಿನ ಅಂಗಳದಿಂದ, ಮಾಚಲೆ ಹೇಳಿ ಕರೆಸಿದ್ದ ಮಾರಯ್ಯನು ಒಳಗೆ ಬಂದು, "ನಾನೇ ಊದಿದವನು, ಜೀಯ" ಎಂದನು. ಕುದುರೆಪಡೆಯ ಇಬ್ಬರು ಮುದಿ ಸವಾರರು ಸಾಲಿನಲ್ಲಿ ತಲೆ ತಗ್ಗಿಸಿದರು. ಅರಸನು ಅವರನ್ನು ಹೆಸರು ಹಿಡಿದು ಕೇಳಿದನು, ಅವರು ಹೌದೆಂದರು. ಸಂಜೆಯ ಗಂಟೆಗೆ ಮುಂಚೆಯೇ ಈಚರಸನ ಸೊಂಟದ ಕತ್ತಿ ಬಿಚ್ಚಿಸಿ ಅವನನ್ನು ಕೋಟೆಯ ಸೆರೆಗೆ ಒಯ್ದರು. ವೀರಗಲ್ಲಿನಲ್ಲಿ ಎಲ್ಲಕ್ಕಿಂತ ಮೇಲೆ ಗೊಗ್ಗಿದೇವನ ಹೆಸರು ಕೊರೆಯಬೇಕೆಂದು ಅಪ್ಪಣೆಯಾಯಿತು.

ಗೆದ್ದ ಸಂತೋಷ ಮಾಚಲೆಯ ಎದೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಅದೇ ಹೊತ್ತಿಗೆ ತಂದೆ ಮುಂದೆ ಬಂದು ಭಂಡಾರದ ಬೀಗದ ಕೈಗಳ ಗೊಂಚಲನ್ನು ಸಿಂಹಾಸನದ ಮೆಟ್ಟಿಲ ಮೇಲಿಟ್ಟನು.

"ಜೀಯ, ಹೆಸರನ್ನು ಮರೆಸು ಎಂದವನು ನಾನು, ಇವಳಲ್ಲ. ಐದು ಸಲ ಈ ಸಿಂಹಾಸನದ ಮುಂದೆ ಸುಳ್ಳು ಹೇಳಿದೆ. ಸಿಂಹಾಸನಕ್ಕೆ ಸುಳ್ಳು ಹೇಳಿದವನ ಕೈಯಲ್ಲಿ ಓಲೆಗಳು ಇರಬಾರದೆಂಬುದು ನಾನೇ ಪ್ರತಿ ಮಾಡಿದ ಶಾಸನ."

ಪ್ರಧಾನನನ್ನು ಸುಳ್ಳಿಗಾಗಿ ಸೆರೆಗೆ ಕಳಿಸಿದ ಬಾಯಿ ಭಂಡಾರಿಯನ್ನು ಸುಮ್ಮನೆ ಬಿಡುವುದೆಂತು? ಅರಸನು ಬೀಗದ ಕೈಗಳನ್ನು ಎತ್ತಿಕೊಂಡನು. "ಪದವಿ ಹೋಯಿತು, ಕೇತಣಯ್ಯನವರೇ. ಮರ್ಯಾದೆ ಹೋಗಲಿಲ್ಲ" ಎಂದು, ಮಾಚಲೆಯತ್ತ ತಿರುಗಿ, "ತಾಯಿ, ಕವಿಹಂಸ ಎಂಬುದು ನಾಡಿಗೆಲ್ಲ ಪ್ರಿಯವಾದ ಹೆಸರು. ಮುಂದೆಯೂ ಅದರಲ್ಲೇ ಬರೆಯಿರಿ. ನಿಮ್ಮ ಹೆಸರಿನಿಂದ ಓದಿದರೆ ಪಂಡಿತರು ನಾಳೆಯೇ ತಪ್ಪು ಹುಡುಕತೊಡಗುತ್ತಾರೆ" ಎಂದನು.

"ಹುಡುಕಲಿ ಜೀಯ, ಇದ್ದರೆ ಸಿಗುತ್ತದೆ" ಎಂದಳು ಮಾಚಲೆ. "ಆ ಹೆಸರು ಎಂಟು ವರ್ಷ ನನ್ನನ್ನು ಕಾಯಿತು, ಅದರ ಋಣ ಮರೆಯಲಾರೆ. ಮರೆ ಬೇಕಾದ ಹೆಣ್ಣುಮಕ್ಕಳು ಬೇರೆ ಇದ್ದಾರೆ, ಅವರು ಹೊದ್ದುಕೊಳ್ಳಲಿ. ನನಗಿನ್ನು ಚಳಿಯಿಲ್ಲ."

ಇನ್ನು ಉಳಿದದ್ದು ತಾಂಬೂಲ. ವೀಳ್ಯದ ತಟ್ಟೆ ಹಿಡಿದವಳು ಹಿಂಜರಿದಳು. ಗಂಡ ಸತ್ತವಳು ತಾಂಬೂಲ ಮುಟ್ಟಬಾರದೆಂದು ಆ ಊರ ಕಟ್ಟು. ಅರಸನ ಕೈಯೂ ಗಾಳಿಯಲ್ಲಿ ನಿಂತಿತು. ಮಾಚಲೆ ತಾನೇ ಎರಡು ಕೈ ಚಾಚಿದಳು. "ನನಗಲ್ಲ ಜೀಯ. ತಿನ್ನುವವರಿಗೆ ಮುಟ್ಟಿಸುತ್ತೇನೆ."

ಮೂರನೆಯ ದಿನ ತಂದೆ ಮಗಳು ಒಂದು ಗಾಡಿಯಲ್ಲಿ ರಾಜಧಾನಿ ಬಿಟ್ಟರು. ಕರಿಗಲ್ಲ ಕಡವಿನ ಬಳಿ ಗಾಡಿ ನಿಲ್ಲಿಸಿದಾಗ ಬಿಸಿಲು ಹಿತವಾಗಿತ್ತು, ಹೊಳೆ ಮೊಣಕಾಲುದ್ದ. ಕಲ್ಕುಟಿಗರು ಇನ್ನೂ ಬಂದಿರಲಿಲ್ಲ. ವೀರಗಲ್ಲಿನ ನೆತ್ತಿಯಲ್ಲಿ ಒಂದು ಸಾಲಿನ ಜಾಗ ಖಾಲಿಯಿತ್ತು. ಮಾಚಲೆ ಅದರ ಮುಂದೆ ಕುಳಿತು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎಲೆಗಳನ್ನು ಬಿಚ್ಚಿದಳು. ತಂದೆ ಎದುರಿಗೆ ಕುಳಿತು, "ಐದು ಸಲ ಹೊತ್ತು ತಂದವನು ನಾನು, ಒಂದು ಎಲೆಯ ರುಚಿ ನೋಡಲಿಲ್ಲ. ಈಗ ನೋಡೋಣವೆಂದರೆ ಹಲ್ಲಿಲ್ಲ" ಎಂದನು. ಅವಳು ನಗಲಿಲ್ಲ. ಎಲೆಯ ತೊಟ್ಟು ಮುರಿದಳು, ನಾರು ತೆಗೆದಳು, ಹಿಂದಿನಂತೆಯೇ ಹೆಬ್ಬೆರಳಿನಿಂದ ಸುಣ್ಣ ತೆಗೆದು ಸವರತೊಡಗಿದಳು.

ಸವರುತ್ತಿದ್ದ ಕೈ ತಟಕ್ಕನೆ ನಿಂತಿತು. ಬಿರಿದ ಸೀಳಿನೊಳಗೆ ಸುಣ್ಣ ಇಳಿದಿತ್ತು. ಅವಳು ಹೆಬ್ಬೆರಳನ್ನು ಎತ್ತಿ, ಅದು ಯಾರದೋ ಎಂಬಂತೆ ನೋಡಿದಳು.

"ಉರಿಯುತ್ತದೆ, ಅಪ್ಪಯ್ಯ" ಎಂದಳು.

"ತೊಳೆದುಕೊಳ್ಳುತ್ತೀಯಾ? ನೀರು ತರಲೇ?"

"ಬೇಡ" ಎಂದಳು. ಎಲೆ ಮಡಚಿ ಕಲ್ಲಿನ ಬುಡದಲ್ಲಿಟ್ಟು, "ಬಾಯಿ ಮೊಸರು ನಿಮ್ಮದು" ಎನ್ನಲು ಹೋದಳು. ಮಾತು ಅರ್ಧಕ್ಕೇ ಮುರಿಯಿತು. ಹನ್ನೊಂದು ತಿಂಗಳ ಅಳು ಒಟ್ಟಿಗೆ ಬಂತು. ಕೇತಣಯ್ಯನು ನೀರು ತರಲು ಏಳಲಿಲ್ಲ. ಅವಳ ಪಕ್ಕಕ್ಕೆ ಸರಿದು ಕುಳಿತನು.